ಕುಂಡ ತಿರುಗಿಸಿಟ್ಟರೂ ಸಸಿ ಮತ್ತೆ ಕಿಟಕಿ ಕಡೆಗೇ! ಇದಕ್ಕೆ ಗೊತ್ತಾಗುವುದಾದರೂ ಹೇಗೆ?

ಚಿಗುರು_22

ಎಲ್ಲರಿಗೂ ನಮಸ್ಕಾರ. ಗಿಡಗಳ ವಿಷಯದಲ್ಲಿ ನಾನು ಪೂರಾ ಹೊಸಬ. ಮೂರು ವಾರದ ಹಿಂದೆ ಮಗಳ ಜೊತೆ ಸುಮ್ನೆ ಆಟಕ್ಕೆ ಅಂತ ಬೀನ್ಸ್ ಬೀಜ ಹಾಕಿದೆ. ಈಗ ಅವಳು ಆಟ ಬಿಟ್ಟಿದ್ದಾಳೆ, ನಾನು ಹಿಡಿದುಕೊಂಡು ಕೂತಿದ್ದೇನೆ.

ಎರಡು ಕುಂಡ ಕಿಟಕಿ ಕಟ್ಟೆ ಮೇಲಿಟ್ಟಿದ್ದೆ. ಸಸಿ ಬಂತು, ಎರಡೇ ದಿನದಲ್ಲಿ ಗಾಜಿನ ಕಡೆಗೆ ವಾಲಿತು. ಸರಿ, ನೆಟ್ಟಗಾಗಲಿ ಅಂತ ಒಂದು ಕುಂಡವನ್ನು ಬೆಳಿಗ್ಗೆ ಅರ್ಧ ಸುತ್ತು ತಿರುಗಿಸಿಟ್ಟೆ. ಸಂಜೆ ನೋಡಿದರೆ ತುದಿ ಹೆಚ್ಚು ಕಡಿಮೆ ನೆಟ್ಟಗಿದೆ. ಭಾರಿ ಖುಷಿಯಾಯಿತು. ಮರುದಿನ ಎದ್ದು ನೋಡಿದರೆ ಮತ್ತೆ ಕಿಟಕಿ ಕಡೆ! ಆದರೆ ಕೆಳಗಿನ ಹಳೇ ಬಾಗು ಹಾಗೇ ಉಳಿದಿದೆ, ಮೇಲೆ ಹೊಸ ಬಾಗು ಬಂದಿದೆ. ಕಾಂಡ ಈಗ ಹಾವಿನ ಹಾಗೆ ಕಾಣುತ್ತಿದೆ.

ಇನ್ನೊಂದು ಬೀಜವನ್ನು ಗಾಜಿನ ಬಾಟಲಿಯಲ್ಲಿ ಒದ್ದೆ ಕಾಗದದ ಮಧ್ಯೆ ಇಟ್ಟಿದ್ದೆ, ಬೇರು ಕಾಣಲಿ ಅಂತ. ಬೇರು ಎರಡು ಬೆರಳಗಲ ಇಳಿದ ಮೇಲೆ ಬಾಟಲಿಯನ್ನು ಅಡ್ಡ ಮಲಗಿಸಿದೆ. ಒಂದೇ ದಿನದಲ್ಲಿ ಬೇರಿನ ತುದಿ ಮೊಣಕೈ ಮಡಚಿದ ಹಾಗೆ ಕೆಳಕ್ಕೆ ತಿರುಗಿತು. ಮೊಳಕೆ ಮೇಲಕ್ಕೆ ತಿರುಗಿತು. ಬಾಟಲಿಯ ಎಲ್ಲಾ ಕಡೆಯಿಂದಲೂ ಬೆಳಕು ಬರುತ್ತಿತ್ತು, ಹಾಗಾಗಿ ಇದು ಬೆಳಕಿನ ಕೆಲಸ ಇರಲಿಕ್ಕಿಲ್ಲ ಅಲ್ವಾ?

ಕೊನೆಯದು ನನ್ನದೇ ಮರೆವಿನ ಫಲ. ಮೂರನೇ ಕುಂಡ ಬೀರುವಿನೊಳಗೆ ಉಳಿದುಬಿಟ್ಟಿತ್ತು. ಮೊನ್ನೆ ಬಾಗಿಲು ತೆಗೆದರೆ ಬೆಳ್ಳಗಿನ, ದಾರದ ಹಾಗಿರುವ ಸಸಿ, ಕಿಟಕಿಯ ಸಸಿಗಿಂತ ಎರಡು ಪಟ್ಟು ಎತ್ತರ! ಬೆಳಕಿಲ್ಲದೆ ಜಾಸ್ತಿ ಬೆಳೆಯುವುದೆಂದರೆ ಏನು ಕಥೆ?

ಕಣ್ಣಿಲ್ಲ, ಮಿದುಳಿಲ್ಲ, ಸ್ನಾಯು ಇಲ್ಲ. ಬೆಳಕು ಯಾವ ಕಡೆ, ನೆಲ ಯಾವ ಕಡೆ ಅಂತ ಇದಕ್ಕೆ ತಿಳಿಯುವುದು ಹೇಗೆ, ತಿಳಿದ ಮೇಲೆ ತಿರುಗುವುದು ಹೇಗೆ? ಶಾಲೆಯಲ್ಲಿ "ದ್ಯುತಿ ಅನುವರ್ತನೆ" ಅಂತ ಬಾಯಿಪಾಠ ಮಾಡಿದ್ದು ನೆನಪಿದೆ. ಆದರೆ ಅದು ಹೆಸರಾಯಿತೇ ಹೊರತು ಉತ್ತರ ಆಗಲಿಲ್ಲ.

ಎಲೆಮರೆಕಾಯಿ

ಒಳ್ಳೆ ಪ್ರಶ್ನೆ. ನಾನು ಜೀವಶಾಸ್ತ್ರ ಪಾಠ ಮಾಡುವವನು, ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಒಂದು ಮಾತು. ನಿಮ್ಮ ಸಸಿ ತಿರುಗುತ್ತಿಲ್ಲ, ಬೆಳೆಯುತ್ತಿದೆ. ನಾವು ಕತ್ತು ತಿರುಗಿಸಿದ ಹಾಗೆ ಅಲ್ಲ ಅದು. ಕಾಂಡದ ಕತ್ತಲೆ ಕಡೆಯ ಮೈ ಸ್ವಲ್ಪ ಜಾಸ್ತಿ ಉದ್ದವಾಗುತ್ತದೆ, ಬೆಳಕಿನ ಕಡೆಯ ಮೈ ಕಡಿಮೆ ಉದ್ದವಾಗುತ್ತದೆ. ಒಂದು ಮೈ ಉದ್ದ, ಇನ್ನೊಂದು ಗಿಡ್ಡ ಅಂದರೆ ಬಾಗಲೇಬೇಕು. ಕೆಳಗಿನ ಬಾಗು ಯಾಕೆ ಹೋಗಲಿಲ್ಲ ಎನ್ನುವುದಕ್ಕೂ ಇದೇ ಉತ್ತರ. ಆ ಭಾಗ ಉದ್ದವಾಗುವ ಕೆಲಸ ಮುಗಿಸಿಬಿಟ್ಟಿದೆ. ಬೆಳೆದದ್ದನ್ನು ವಾಪಸ್ ತೆಗೆದುಕೊಳ್ಳಲು ಅದಕ್ಕೆ ಆಗುವುದಿಲ್ಲ. ಇನ್ನೂ ಬೆಳೆಯುತ್ತಿರುವ ಮೇಲಿನ ಭಾಗ ಮಾತ್ರ ಹೊಸ ದಿಕ್ಕು ಹಿಡಿಯುತ್ತದೆ. ನಿಮ್ಮ ಹಾವಿನ ಕಾಂಡ ಒಂಥರಾ ದಿನಚರಿ ಪುಸ್ತಕ, ನೀವು ಯಾವತ್ತು ಕುಂಡ ತಿರುಗಿಸಿದಿರಿ ಅಂತ ಅದರಲ್ಲಿ ಬರೆದಿದೆ.

ಈಗ "ಗೊತ್ತಾಗುವುದು ಹೇಗೆ". ಇದನ್ನು ಚೆನ್ನಾಗಿ ಕೆದಕಿದವರು ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್, 1880ರಲ್ಲಿ ಪ್ರಕಟಿಸಿದರು. ಹೌದು, ಅದೇ ಡಾರ್ವಿನ್. ಅವರು ಹುಲ್ಲಿನ ಮೊಳಕೆ ತೆಗೆದುಕೊಂಡರು. ಹುಲ್ಲು ಜಾತಿಯ ಮೊಳಕೆ ಮಣ್ಣಿನಿಂದ ಬರುವಾಗ ಎಲೆ ನೇರವಾಗಿ ಕಾಣುವುದಿಲ್ಲ, ಕತ್ತಿಗೆ ಒರೆ ಇದ್ದ ಹಾಗೆ ಒಂದು ಕೊಳವೆಯಂಥ ಒರೆಯೊಳಗೆ ಅವಿತಿರುತ್ತದೆ. ಆ ಒರೆ ಬೆಳಕಿನ ಕಡೆ ಚೆನ್ನಾಗಿ ಬಾಗುತ್ತದೆ. ಡಾರ್ವಿನ್ ಅದರ ತುದಿಗೆ ಬೆಳಕು ತೂರದ ಪುಟ್ಟ ಟೋಪಿ ಹಾಕಿದರು. ಬಾಗಲಿಲ್ಲ. ತುದಿ ಬಿಟ್ಟು ಕೆಳಗಿನ ಭಾಗವನ್ನು ಸಣ್ಣ ಕಪ್ಪು ಮರಳಿನಲ್ಲಿ ಮುಚ್ಚಿದರು. ಬಾಗಿತು! ಬಾಗುವ ಜಾಗ ತುದಿಯಲ್ಲ, ತುದಿಗಿಂತ ಕೆಳಗೆ. ಆದರೆ ಬೆಳಕನ್ನು ಗಮನಿಸುವುದು ತುದಿ. ಅಂದರೆ ಮೇಲಿಂದ ಕೆಳಗೆ ಏನೋ ಸುದ್ದಿ ಹೋಗುತ್ತಿದೆ.

ಆ ಸುದ್ದಿ ಏನು ಎನ್ನುವುದಕ್ಕೆ ಮತ್ತೆ ಸುಮಾರು ನಲವತ್ತೈದು ವರ್ಷ ಹಿಡಿಯಿತು. ಡೆನ್ಮಾರ್ಕಿನ ಬಾಯ್ಸೆನ್ ಯೆನ್ಸೆನ್ ತುದಿಯನ್ನು ಕತ್ತರಿಸಿ, ಮಧ್ಯೆ ಜೆಲಾಟಿನ್ ಇಟ್ಟು ಮತ್ತೆ ಕೂರಿಸಿದರು. ಆಗಲೂ ಬಾಗಿತು, ಅಂದರೆ ಸುದ್ದಿ ಜೆಲಾಟಿನ್ ದಾಟಿ ಹೋಗುತ್ತದೆ. ಆಮೇಲೆ ಏನೂ ದಾಟಿ ಹೋಗದ ಅಭ್ರಕದ ಚೂರನ್ನು ಅರ್ಧಕ್ಕೆ ತೂರಿಸಿದರು. ಕತ್ತಲೆ ಕಡೆ ತೂರಿಸಿದಾಗ ಬಾಗು ನಿಂತಿತು, ಬೆಳಕಿನ ಕಡೆ ತೂರಿಸಿದಾಗ ನಿಲ್ಲಲಿಲ್ಲ. ಸುದ್ದಿ ಇಳಿಯುವುದು ಕತ್ತಲೆ ಕಡೆಯ ದಾರಿಯಲ್ಲಿ!

ಆಮೇಲೆ 1926ರಲ್ಲಿ ನೆದರ್ಲೆಂಡ್ಸಿನ ಫ್ರಿಟ್ಸ್ ವೆಂಟ್. ಈತ ಮಾಡಿದ್ದು ನನಗೆ ಎಲ್ಲಕ್ಕಿಂತ ಇಷ್ಟ. ಓಟ್ ಮೊಳಕೆಗಳ ತುದಿ ಕತ್ತರಿಸಿ ಅಗರ್ ಎಂಬ ಜೆಲ್ಲಿಯ ಬಿಲ್ಲೆ ಮೇಲೆ ಕೆಲವು ತಾಸು ಇಟ್ಟರು. ತುದಿಗಳನ್ನು ಎಸೆದರು. ಬರೀ ಜೆಲ್ಲಿಯ ಚೂರನ್ನು ತುದಿಯಿಲ್ಲದ ಇನ್ನೊಂದು ಮೊಳಕೆಯ ಮೇಲೆ, ಒಂದು ಪಕ್ಕಕ್ಕೆ ಸರಿಸಿ ಇಟ್ಟರು. ಪೂರಾ ಕತ್ತಲೆಯಲ್ಲಿ. ಬೆಳಕೇ ಇಲ್ಲದೆ ಮೊಳಕೆ ಬಾಗಿತು, ಜೆಲ್ಲಿ ಇಟ್ಟ ಪಕ್ಕದಿಂದ ಆಚೆಗೆ. ಜೆಲ್ಲಿ ಮೇಲೆ ಜಾಸ್ತಿ ತುದಿ ಇಟ್ಟಿದ್ದರೆ, ಒಂದು ಮಿತಿಯವರೆಗೆ, ಬಾಗೂ ಜಾಸ್ತಿ. ತುದಿಯಿಂದ ಇಳಿದು ಬರುವ ಆ ವಸ್ತುವಿಗೆ ಆಕ್ಸಿನ್ ಅಂತ ಹೆಸರಾಯಿತು. ಗ್ರೀಕ್ ಭಾಷೆಯಲ್ಲಿ "ಬೆಳೆಸು" ಎಂಬರ್ಥದ ಪದದಿಂದ ಬಂದದ್ದು.

ಆಕ್ಸಿನ್ ಬಂದ ಕಡೆ ಜೀವಕೋಶದ ಗೋಡೆ ಸ್ವಲ್ಪ ಹುಳಿಯಾಗಿ ಸಡಿಲವಾಗುತ್ತದೆ. ಒಳಗಿನ ನೀರಿನ ಒತ್ತಡ ಮೊದಲೇ ಇರುತ್ತದಲ್ಲ, ಅದು ಗೋಡೆಯನ್ನು ಹಿಗ್ಗಿಸುತ್ತದೆ. ಅಷ್ಟೇ. ಸ್ನಾಯುವಿನ ಕೆಲಸವನ್ನು ನೀರೇ ಮಾಡಿಬಿಡುತ್ತದೆ.

ತುಂಬಾ ಜನ, ಕೆಲವು ಪಾಠಪುಸ್ತಕಗಳೂ ಸೇರಿ, "ಬೆಳಕು ಬಿದ್ದ ಕಡೆ ಆಕ್ಸಿನ್ ನಾಶವಾಗುತ್ತದೆ" ಅಂತ ಬರೆಯುತ್ತಾರೆ. ಅದು ತಪ್ಪು. 1957ರಲ್ಲಿ ವಿನ್ಸ್ಲೋ ಬ್ರಿಗ್ಸ್ ಮತ್ತು ಜೊತೆಗಾರರು ಮೆಕ್ಕೆಜೋಳದ ಮೊಳಕೆಯಲ್ಲಿ ಅಳೆದು ನೋಡಿದರು. ಒಂದು ಪಕ್ಕದಿಂದ ಬೆಳಕು ಬಿದ್ದರೂ ಒಟ್ಟು ಆಕ್ಸಿನ್ ಅಷ್ಟೇ ಇತ್ತು, ಕತ್ತಲೆ ಕಡೆಗೆ ಸರಿದಿತ್ತು ಅಷ್ಟೇ. ತುದಿಯ ಮಧ್ಯೆ ತೆಳು ಗಾಜು ಅಡ್ಡ ಇಟ್ಟಾಗ ಆ ಸರಿಯುವಿಕೆ ನಿಂತುಹೋಯಿತು.

ಬೆಳಕನ್ನು ಹಿಡಿಯುವ ಪ್ರೋಟೀನ್‌ಗೆ ಫೋಟೋಟ್ರೋಪಿನ್ ಅಂತ ಹೆಸರು. ಅದಕ್ಕೆ ಬೇಕಾದ್ದು ನೀಲಿ ಬೆಳಕು, ಕೆಂಪಿಗೆ ಅದು ಸ್ಪಂದಿಸುವುದಿಲ್ಲ. ನೀಲಿಯನ್ನು ಚೆನ್ನಾಗಿ ತಡೆಯುವ ಕೆಂಪು ಹಾಳೆ ಸಿಕ್ಕರೆ ಕಿಟಕಿಗೆ ಹಿಡಿದು ನೋಡಿ, ಬಾಗುವ ಉತ್ಸಾಹ ಪೂರಾ ಇಳಿದಿರುತ್ತದೆ.

ಮಣ್ಣುಹುಳು

ಮೇಷ್ಟ್ರು ಎಲ್ಲಾ ಹೇಳಿದ್ದಾರೆ, ನಾನು ಕೈಕೆಲಸದ ಮಾತು ಸೇರಿಸುತ್ತೇನೆ.

ಕುಂಡವನ್ನು ಒಮ್ಮೆಲೇ ಅರ್ಧ ಸುತ್ತು ತಿರುಗಿಸಬೇಡಿ. ದಿನಕ್ಕೆ ಕಾಲು ಸುತ್ತು ಸಾಕು. ಯಾವ ಬಾಗೂ ಪೂರ್ತಿ ಗಟ್ಟಿಯಾಗುವ ಮೊದಲೇ ದಿಕ್ಕು ಬದಲಾಗುತ್ತದೆ, ಕಾಂಡ ಸುಮಾರಾಗಿ ನೆಟ್ಟಗೆ ಬರುತ್ತದೆ. ಅದಕ್ಕಿಂತ ಒಳ್ಳೆಯದು ಬೆಳಕು ಮೇಲಿನಿಂದ ಬೀಳುವ ಜಾಗ. ಒಂದು ಬದಿ ಬೆಳಕು ಇದ್ದರೆ ಇನ್ನೊಂದು ಬದಿಗೆ ಬಿಳಿ ರಟ್ಟು ನಿಲ್ಲಿಸಿ, ಅದರಿಂದ ಹಿಂದಿರುಗುವ ಬೆಳಕೂ ಸ್ವಲ್ಪ ಕೆಲಸ ಮಾಡುತ್ತದೆ.

ಹಾವಿನ ಬಾಗು ಹೋಗುವುದಿಲ್ಲ. ಕೋಲು ಕಟ್ಟಿ ಎಳೆದು ನೆಟ್ಟಗೆ ಮಾಡಲು ಹೋಗಬೇಡಿ, ಎಳೇ ಕಾಂಡ ಪಟ್ ಅಂತ ಮುರಿಯುತ್ತದೆ. ನಾನು ಮುರಿದಿದ್ದೇನೆ, ಒಂದಲ್ಲ.

ಇನ್ನೊಂದು. ಮನೆಯೊಳಗಿನ ಸಸಿಗೆ ಗಾಳಿ ತಾಗುವುದಿಲ್ಲ, ಅದು ಬಡಕಲಾಗುವುದಕ್ಕೆ ಅದೂ ಒಂದು ಕಾರಣ. ದಿನಾ ಎರಡು ಸಲ ತುದಿಗಳ ಮೇಲೆ ಅಂಗೈ ಸವರಿ, ಬೆಕ್ಕಿನ ಬೆನ್ನು ಸವರಿದ ಹಾಗೆ, ಹತ್ತಿಪ್ಪತ್ತು ಸಲ. ಗಿಡ ಗಿಡ್ಡವಾಗಿ ದಪ್ಪವಾಗುತ್ತದೆ. ಇದು ನನ್ನ ಅಜ್ಜಿ ಕಾಲದ ನಂಬಿಕೆ ಅಲ್ಲ, 1973ರಲ್ಲಿ ಮಾರ್ಡೆಕೈ ಜಾಫೆ ಎಂಬ ವಿಜ್ಞಾನಿ ಕಾಂಡ ಉಜ್ಜಿ ಉಜ್ಜಿ ತೋರಿಸಿದ್ದು. ಗಾಳಿ ಇರುವ ಜಾಗದಲ್ಲಿ ಎತ್ತರಕ್ಕೆ ಹೋಗುವುದಕ್ಕಿಂತ ಗಟ್ಟಿಯಾಗಿ ನಿಲ್ಲುವುದು ಲಾಭ, ಮುಟ್ಟಿದಾಗೆಲ್ಲ ಅದು ಗಾಳಿ ಬಂದ ಹಾಗೇ ಬೆಳವಣಿಗೆ ಬದಲಿಸಿಕೊಳ್ಳುತ್ತದೆ.

ಅಡ್ಡಪ್ರಶ್ನೆ

ಎಲೆಮರೆಕಾಯಿ ಅವರೇ, ಒಂದು ಕಡೆ ಲೆಕ್ಕ ತಪ್ಪುತ್ತಿದೆ. ಬಾಟಲಿ ಅಡ್ಡ ಮಲಗಿಸಿದಾಗ ಆಕ್ಸಿನ್ ಕೆಳಗಿನ ಪಕ್ಕಕ್ಕೆ ಸೇರಿತು ಅಂತಲೇ ಇಟ್ಟುಕೊಳ್ಳೋಣ. ಮೊಳಕೆಯ ಕೆಳಗಿನ ಮೈ ಜಾಸ್ತಿ ಬೆಳೆದು ಅದು ಮೇಲೆದ್ದಿತು, ಒಪ್ಪಿದೆ. ಆದರೆ ಬೇರಿನಲ್ಲೂ ಕೆಳಗಿನ ಪಕ್ಕಕ್ಕೇ ಸೇರಿದರೆ ಬೇರೂ ಮೇಲೇಳಬೇಕಿತ್ತಲ್ಲ? ಅದ್ಯಾಕೆ ಕೆಳಗೆ ಹೋಗುತ್ತದೆ? ಒಂದೇ ವಸ್ತು, ಒಂದೇ ಪಕ್ಕ, ಎರಡು ಉಲ್ಟಾ ಫಲಿತಾಂಶ. ಅದೂ ಅಲ್ಲದೆ ಕೆಳಗೆ ಯಾವುದು ಅಂತ ಅದಕ್ಕೆ ಹೇಳಿದವರು ಯಾರು?

ಎಲೆಮರೆಕಾಯಿ

ನಿಮ್ಮ ಹೆಸರು ಸುಮ್ನೆ ಇಟ್ಟುಕೊಂಡಿದ್ದಲ್ಲ ಅಂತ ಆಯಿತು.

ಬೇರಿನ ಕೋಶಗಳು ಆಕ್ಸಿನ್‌ಗೆ ತುಂಬಾ ಸೂಕ್ಷ್ಮ. ಕಾಂಡಕ್ಕೆ ಬೆಳೆ ಅನ್ನುವಷ್ಟು ಪ್ರಮಾಣ ಬೇರಿಗೆ ವಿಪರೀತವಾಗಿ ಬೆಳವಣಿಗೆಯನ್ನು ತಡೆಯುತ್ತದೆ. ಹಾಗಾಗಿ ಬೇರಿನ ಕೆಳಗಿನ ಮೈ ಹಿಂದೆ ಬೀಳುತ್ತದೆ, ಮೇಲಿನ ಮೈ ಮುಂದೆ ಓಡುತ್ತದೆ, ತುದಿ ಕೆಳಕ್ಕೆ ಬಾಗುತ್ತದೆ. ಉಪ್ಪು ಒಂದೇ, ನಾಲಿಗೆ ಬೇರೆ ಅಂದುಕೊಳ್ಳಿ.

ಕೆಳಗೆ ಯಾವುದು ಅಂತ ತಿಳಿಯುವ ಉಪಾಯ ಇನ್ನೂ ಸರಳ. ಬೇರಿನ ತುದಿಗೆ ಒಂದು ಪುಟ್ಟ ಟೋಪಿ ಇರುತ್ತದೆ, ಮಣ್ಣಲ್ಲಿ ತೂರುವಾಗ ತುದಿ ತರಚದಿರಲಿ ಅಂತ. ಅದರ ಮಧ್ಯದ ಕೋಶಗಳಲ್ಲಿ ಹಿಟ್ಟಿನ ಕಣಗಳಿವೆ, ಪಿಷ್ಟ ತುಂಬಿದ ಭಾರದ ಕಣಗಳು. ಡಬ್ಬಿಯೊಳಗೆ ಗೋಲಿ ಹಾಕಿ ಡಬ್ಬಿ ಮಲಗಿಸಿದರೆ ಗೋಲಿ ಉರುಳಿ ಹೊಸ ಕೆಳಗಿಗೆ ಬರುವುದಿಲ್ಲವೇ, ಹಾಗೇ. ನೀವು ಬಾಟಲಿ ಮಲಗಿಸಿದ ಕೆಲವೇ ನಿಮಿಷದಲ್ಲಿ ಆ ಕಣಗಳು ಇನ್ನೊಂದು ಗೋಡೆಗೆ ಬಂದು ಕೂತಿರುತ್ತವೆ, ಕೋಶ ಆಕ್ಸಿನ್ ಅನ್ನು ಆ ಕಡೆಗೆ ಜಾಸ್ತಿ ಸಾಗಿಸಲು ಶುರುಮಾಡುತ್ತದೆ. ಬೇರಿನ ಟೋಪಿ ಮಾತ್ರ ಜೋಪಾನವಾಗಿ ಕಿತ್ತರೆ ಬೇರು ಬೆಳೆಯುತ್ತದೆ, ಆದರೆ ದಿಕ್ಕು ತಿಳಿಯದೆ ಹೋದ ಕಡೆ ಹೋಗುತ್ತದೆ. ಹೊಸ ಟೋಪಿ ಬೆಳೆದ ಮೇಲೆ ಮತ್ತೆ ಬುದ್ಧಿ ಬರುತ್ತದೆ. ಕಾಂಡದಲ್ಲೂ ಇಂಥ ಕಣಗಳಿವೆ, ತುದಿಯಲ್ಲಲ್ಲ, ಕಾಂಡದ ಉದ್ದಕ್ಕೂ ಒಂದು ಪದರದಲ್ಲಿ.

ಇದು ನಿಜಕ್ಕೂ ಭೂಮಿಯ ಸೆಳೆತದ ಕೆಲಸವೇ, ತೇವ ಹುಡುಕಿಕೊಂಡು ಹೋಗುತ್ತಿರಬಹುದಲ್ಲ ಅಂತ ನೀವು ಕೇಳುವ ಮೊದಲೇ ಹೇಳುತ್ತೇನೆ. 1806ರಲ್ಲಿ ಇಂಗ್ಲೆಂಡಿನ ಥಾಮಸ್ ನೈಟ್ ತಮ್ಮ ತೋಟದ ತೊರೆಗೆ ನೀರಿನ ಚಕ್ರ ಕಟ್ಟಿದರು. ಅದಕ್ಕೆ ಬೀನ್ಸ್ ಬೀಜ ಬಿಗಿದು ನಿಮಿಷಕ್ಕೆ 150 ಸುತ್ತಿನ ಲೆಕ್ಕದಲ್ಲಿ ದಿನಗಟ್ಟಲೆ ತಿರುಗಿಸಿದರು. ಚಕ್ರ ನಿಂತ ಮೇಲೆ ನೋಡಿದರೆ ಎಲ್ಲಾ ಬೇರುಗಳು ಹೊರಮುಖ, ಎಲ್ಲಾ ಮೊಳಕೆಗಳು ಚಕ್ರದ ನಡುವಿನ ಕಡೆ! ಜಾತ್ರೆಯ ತೊಟ್ಟಿಲು ಜೋರಾಗಿ ತಿರುಗುವಾಗ ನಮ್ಮನ್ನು ಹೊರಕ್ಕೆ ದೂಡಿದ ಹಾಗೆ ಆಗುತ್ತದಲ್ಲ, ಬೇರಿಗೆ ಅದೇ "ಕೆಳಗೆ" ಆಯಿತು. ತೇವ ಎಲ್ಲಾ ಕಡೆ ಒಂದೇ ಇತ್ತು.

ತೇವ ಹುಡುಕುವ ಗುಣ ಬೇರಿಗೆ ಇಲ್ಲವೇ ಇಲ್ಲ ಅಂತಲ್ಲ, ಇದೆ. ಆದರೆ ಸಾಮಾನ್ಯವಾಗಿ ಸೆಳೆತದ ಮುಂದೆ ಅದು ಮರೆಯಾಗುತ್ತದೆ.

ಸಂಜೆಮಲ್ಲಿಗೆ

ಬೀರುವಿನ ಸಸಿಗೆ ಯಾರೂ ಉತ್ತರ ಕೊಡಲಿಲ್ಲ. ಪಾಪ ಅದು.

ಚಿಗುರು ಅವರೇ, ಅದು ಜಾಸ್ತಿ ಬೆಳೆದಿಲ್ಲ, ಜಾಸ್ತಿ ಉದ್ದವಾಗಿದೆ. ಎರಡಕ್ಕೂ ವ್ಯತ್ಯಾಸ ಇದೆ. ಆ ಸಸಿಯನ್ನು ಪೂರ್ತಿ ಒಣಗಿಸಿ ತೂಗಿದರೆ ನೀವು ಹಾಕಿದ ಬೀಜದಷ್ಟೂ ತೂಗುವುದಿಲ್ಲ, ಯಾಕೆಂದರೆ ಹೊಸದಾಗಿ ಏನೂ ತಯಾರಿಸಿಕೊಂಡಿಲ್ಲ, ಬೀಜದಲ್ಲಿದ್ದ ಗಂಟನ್ನೇ ಕರಗಿಸಿ ಉಸಿರಾಡುತ್ತಾ ಉದ್ದವಾಗಿದೆ. ಬಾಕಿಯೆಲ್ಲ ನೀರು.

ಹುಚ್ಚಾಟ ಅಲ್ಲ ಅದು, ಲೆಕ್ಕಾಚಾರ. ಕತ್ತಲೆಯಲ್ಲಿ ಮೊಳೆತ ಬೀಜದ ಪಾಲಿಗೆ ಕತ್ತಲೆ ಅಂದರೆ "ಇನ್ನೂ ಮಣ್ಣೊಳಗಿದ್ದೀಯ". ಅಲ್ಲಿ ಎಲೆ ಬಿಚ್ಚುವುದು, ಪತ್ರಹರಿತ್ತು ಮಾಡಿಕೊಳ್ಳುವುದು ದಂಡದ ಖರ್ಚು. ಇರುವ ಬಂಡವಾಳವನ್ನೆಲ್ಲಾ ಕಾಂಡದ ಉದ್ದಕ್ಕೆ ಹಾಕಿ ಹೇಗಾದರೂ ಹೊರಗೆ ಬರಬೇಕು. ತುದಿಯನ್ನು ಒಮ್ಮೆ ಹತ್ತಿರದಿಂದ ನೋಡಿ, ಕೊಕ್ಕೆಯ ಹಾಗೆ ಬಗ್ಗಿಕೊಂಡಿರುತ್ತದೆ, ಎಲೆಗಳು ಮುಚ್ಚಿಕೊಂಡಿರುತ್ತವೆ. ಮಣ್ಣು ತಳ್ಳುವಾಗ ಎಳೇ ತುದಿಗೆ ಪೆಟ್ಟಾಗದಿರಲಿ ಅಂತ ಕತ್ತು ಬಗ್ಗಿಸಿಕೊಂಡು ಭುಜದಿಂದ ದೂಡುವ ವ್ಯವಸ್ಥೆ ಅದು. ಬೆಳಕಿಗೆ ತನ್ನಿ, ಕೊಕ್ಕೆ ಬಿಚ್ಚಿಕೊಳ್ಳುತ್ತದೆ, ಒಂದೆರಡು ದಿನದಲ್ಲಿ ಹಸಿರಾಗುತ್ತದೆ. ಬಿಸಿಲಿಗೆ ಒಮ್ಮೆಲೇ ಇಡಬೇಡಿ.

ಇಲ್ಲಿ ಮುಖ್ಯ ಕೆಲಸ ಫೈಟೋಕ್ರೋಮ್ ಎಂಬ ಇನ್ನೊಂದು ಪ್ರೋಟೀನಿನದು. ಅದು ಕೆಂಪು ಬೆಳಕನ್ನು (ಅಲೆಯ ಉದ್ದ ಸುಮಾರು 660 ನ್ಯಾನೋಮೀಟರ್) ಮತ್ತು ನಮ್ಮ ಕಣ್ಣಿಗೆ ಕಂಡೂ ಕಾಣದಂತಿರುವ ದೂರದ ಕೆಂಪನ್ನು (ಸುಮಾರು 730) ಹೋಲಿಸಿ ನೋಡುತ್ತದೆ. ಎಲೆಗಳು ಕೆಂಪನ್ನು ನುಂಗುತ್ತವೆ, ದೂರದ ಕೆಂಪನ್ನು ಬಿಟ್ಟುಕೊಡುತ್ತವೆ. ಹಾಗಾಗಿ ದೂರದ ಕೆಂಪು ಜಾಸ್ತಿ ಬಂದರೆ ಪಕ್ಕದಲ್ಲಿ ಇನ್ನೊಂದು ಗಿಡ ಇದೆ ಅಂತ ಅರ್ಥ, ಗಿಡ ಉದ್ದಕ್ಕೆ ಓಡಲು ಶುರುಮಾಡುತ್ತದೆ. ತಮಾಷೆ ಅಂದರೆ ಪಕ್ಕದವನ ನೆರಳು ಇನ್ನೂ ಬಿದ್ದೇ ಇರುವುದಿಲ್ಲ, ಅವನ ಎಲೆಯಿಂದ ಚಿಮ್ಮಿ ಬಂದ ಬೆಳಕು ಸಾಕು, ಓಟ ಶುರು. ಒತ್ತೊತ್ತಾಗಿ ಹಾಕಿದ ಸಸಿಗಳು ಸಣಕಲಾಗುವುದು ಇದಕ್ಕೇ.

ಮರೆತ_ಪಾಸ್‌ವರ್ಡ್

ಇಷ್ಟೆಲ್ಲಾ ಯಾಕೆ, ಸೂರ್ಯಕಾಂತಿ ನೋಡಿದರೆ ಸಾಕಲ್ವಾ? ಬೆಳಿಗ್ಗೆಯಿಂದ ಸಂಜೆವರೆಗೂ ಹೂವು ಸೂರ್ಯನ ಹಿಂದೆ ತಿರುಗುತ್ತಲೇ ಇರುತ್ತದೆ. ಹೆಸರೇ ಹೇಳುತ್ತದೆ.

ಸಂಜೆಮಲ್ಲಿಗೆ

ಅರ್ಧ ಸರಿ. ಅರಳಿ ನಿಂತ ದೊಡ್ಡ ಹೂವು ತಿರುಗುವುದಿಲ್ಲ. ಅದು ಪೂರ್ವಕ್ಕೆ ಮುಖ ಮಾಡಿ ನಿಂತುಬಿಟ್ಟಿರುತ್ತದೆ, ಸಂಜೆ ಹೊತ್ತು ಹೊಲಕ್ಕೆ ಹೋದರೆ ಸೂರ್ಯನಿಗೆ ಬೆನ್ನು ಹಾಕಿಕೊಂಡ ಸಾಲು ಸಾಲು ಹೂಗಳೇ ಕಾಣುತ್ತವೆ. ತಿರುಗುವುದು ಎಳೆಯ ಗಿಡ, ಮೊಗ್ಗಿನ ಹಂತದ್ದು.

ಅದೂ ಬೆಳವಣಿಗೆಯ ಕೆಲಸವೇ. ಹಗಲು ಕಾಂಡದ ಪೂರ್ವದ ಮೈ ಜಾಸ್ತಿ ಉದ್ದವಾಗುತ್ತದೆ, ತಲೆ ಪಶ್ಚಿಮಕ್ಕೆ ಹೋಗುತ್ತದೆ. ರಾತ್ರಿ ಪಶ್ಚಿಮದ ಮೈ ಉದ್ದವಾಗುತ್ತದೆ, ಸೂರ್ಯ ಹುಟ್ಟುವ ಮೊದಲೇ ತಲೆ ಪೂರ್ವಕ್ಕೆ ಬಂದು ಕಾಯುತ್ತಿರುತ್ತದೆ. ಕತ್ತಲೆಯಲ್ಲಿ ಪೂರ್ವ ಯಾವುದು ಅಂತ ಯಾರು ಹೇಳಿದರು? ಅದರೊಳಗೆ ಒಂದು ಗಡಿಯಾರ ಇದೆ. 2016ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಗಿಡಗಳನ್ನು ಒಳಗೆ ತಂದು, ನೆತ್ತಿ ಮೇಲೆ ಅಲುಗದ ದೀಪ ಇಟ್ಟರು. ಕೆಲವು ದಿನ ಅವು ಇಲ್ಲದ ಸೂರ್ಯನ ಹಿಂದೆ ಆಚೆ ಈಚೆ ತೂಗಾಡಿದವು. ಇನ್ನು ಕೆಲವು ಕುಂಡಗಳನ್ನು ದಿನಾ ಸಂಜೆ ಅರ್ಧ ಸುತ್ತು ತಿರುಗಿಸಿಟ್ಟು, ಬೆಳಿಗ್ಗೆ ತಪ್ಪು ದಿಕ್ಕಿಗೆ ಮುಖ ಮಾಡಿ ಏಳುವ ಹಾಗೆ ಮಾಡಿದರು. ಆ ಗಿಡಗಳು ಸೊರಗಿದವು, ಸುಮಾರು ಹತ್ತನೇ ಒಂದು ಪಾಲು ಕಡಿಮೆ ಬೆಳೆದವು.

ಗಿಡ ಬೆಳೆದು ಮುಗಿದ ಮೇಲೆ ತಿರುಗುವುದಕ್ಕೆ ಬೇಕಾದ ಸಾಮಾನೇ ಇರುವುದಿಲ್ಲ. ಪೂರ್ವಕ್ಕೇ ನಿಲ್ಲುವುದಕ್ಕೆ ಲಾಭವೂ ಇದೆ, ಬೆಳಗಿನ ಬಿಸಿಲಿಗೆ ಹೂವು ಬೇಗ ಬೆಚ್ಚಗಾಗುತ್ತದೆ, ಜೇನುಹುಳಗಳು ಜಾಸ್ತಿ ಬರುತ್ತವೆ. ಅದೇ ಸಂಶೋಧಕರು ಹೂವನ್ನು ಪಶ್ಚಿಮಕ್ಕೆ ತಿರುಗಿಸಿಟ್ಟು ಹೋಲಿಸಿದರು, ಪೂರ್ವದ ಹೂವಿಗೆ ಐದು ಪಟ್ಟು ಹುಳಗಳು ಬಂದವು.

ಅಡ್ಡಪ್ರಶ್ನೆ

ಹಾಗಾದರೆ ಮುಟ್ಟಿದರೆ ಮುನಿ? ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಮುದುಡುತ್ತದೆ, ಮತ್ತೆ ಬಿಚ್ಚಿಕೊಳ್ಳುತ್ತದೆ. ಒಂದು ಸೆಕೆಂಡಿನಲ್ಲಿ ಯಾವ ಬೆಳವಣಿಗೆ? ಎಲ್ಲವನ್ನೂ "ಬೆಳವಣಿಗೆ, ಬೆಳವಣಿಗೆ" ಅನ್ನುವುದು ಸ್ವಲ್ಪ ಅತಿಯಾಯಿತು.

ಎಲೆಮರೆಕಾಯಿ

ಒಪ್ಪುತ್ತೇನೆ, ಅದು ಬೆಳವಣಿಗೆ ಅಲ್ಲ. ಅದಕ್ಕೇ ಅದು ವಾಪಸ್ ಬಿಚ್ಚಿಕೊಳ್ಳಲು ಸಾಧ್ಯ, ಚಿಗುರು ಅವರ ಬಾಗು ವಾಪಸ್ ಬರುವುದಿಲ್ಲ.

ಮುಟ್ಟಿದರೆ ಮುನಿಯ ಎಲೆತೊಟ್ಟಿನ ಬುಡದಲ್ಲಿ ಒಂದು ಉಬ್ಬಿದ ಗಂಟು ಕಾಣುತ್ತದೆ, ಬರಿಗಣ್ಣಿಗೇ ಕಾಣುತ್ತದೆ. ಮುಟ್ಟಿದಾಗ ಒಂದು ವಿದ್ಯುತ್ ಸಂಕೇತ ಅಲ್ಲಿಗೆ ಓಡುತ್ತದೆ, ಗಂಟಿನ ಒಂದು ಬದಿಯ ಕೋಶಗಳಿಂದ ಪೊಟ್ಯಾಸಿಯಂ ಹೊರಗೆ ಹೋಗುತ್ತದೆ, ಅದರ ಹಿಂದೆ ನೀರೂ ಹೋಗುತ್ತದೆ. ಗಾಳಿ ಬಿಟ್ಟ ಟ್ಯೂಬಿನ ಹಾಗೆ ಆ ಬದಿ ಕುಸಿಯುತ್ತದೆ, ಎಲೆ ಬೀಳುತ್ತದೆ. ಹತ್ತಿಪ್ಪತ್ತು ನಿಮಿಷದಲ್ಲಿ ನೀರು ಮತ್ತೆ ತುಂಬಿಕೊಂಡು ಎದ್ದು ನಿಲ್ಲುತ್ತದೆ. ಈ ವಿದ್ಯುತ್ ಸಂಕೇತವನ್ನು ಕೂತು ದಾಖಲಿಸಿದವರಲ್ಲಿ ನಮ್ಮ ಜಗದೀಶ ಚಂದ್ರ ಬೋಸ್ ಮುಖ್ಯರು. ಬೆಳವಣಿಗೆಯನ್ನೂ ಅವರು ಬಿಡಲಿಲ್ಲ. ಕ್ರೆಸ್ಕೋಗ್ರಾಫ್ ಎಂಬ ಯಂತ್ರ ಕಟ್ಟಿ ಗಿಡದ ಬೆಳವಣಿಗೆಯನ್ನು 10,000 ಪಟ್ಟು ಹಿಗ್ಗಿಸಿ ತೋರಿಸಿದರು, ಗಿಡ ಬೆಳೆಯುವುದನ್ನು ಜನ ಕೂತಲ್ಲೇ ನೋಡಬಹುದಿತ್ತು.

ಇನ್ನು ಎರಡಕ್ಕೂ ಮಧ್ಯದ್ದೊಂದಿದೆ. ಸೌತೆ ಬಳ್ಳಿಯಲ್ಲಿ ಸ್ಪ್ರಿಂಗಿನ ಹಾಗೆ ಸುತ್ತುವ ಎಳೆ ಇರುತ್ತದಲ್ಲ, ಅದು ಕಡ್ಡಿಗೆ ತಾಗಿದ ಕೆಲವೇ ನಿಮಿಷದಲ್ಲಿ ಬಾಗಲು ಶುರುಮಾಡುತ್ತದೆ, ಆಮೇಲೆ ಹೊರಮೈ ಜಾಸ್ತಿ ಬೆಳೆದು ಸುತ್ತು ಖಾಯಂ ಆಗುತ್ತದೆ. ಕಡ್ಡಿಯನ್ನು ಬೇಗ ಎಳೆದುಬಿಟ್ಟರೆ ಎಳೆ ಮತ್ತೆ ನೆಟ್ಟಗಾಗುತ್ತದೆ, ತಡಮಾಡಿದರೆ ಇಲ್ಲ. ಮಳೆಹನಿ ಬಿದ್ದರೆ ಮಾತ್ರ ಅದು ಕ್ಯಾರೇ ಅನ್ನುವುದಿಲ್ಲ. ಇದನ್ನು ಗಮನಿಸಿದ್ದೂ ಡಾರ್ವಿನ್ನೇ.

ಮರೆತ_ಪಾಸ್‌ವರ್ಡ್

ಏನೇ ಹೇಳಿ, ಗಿಡಕ್ಕೆ ಬುದ್ಧಿ ಇದೆ ಅನ್ನಿಸುತ್ತಿದೆ. ಬೆಳಕು ಬೇಕು ಅಂತ ಗೊತ್ತು, ಬೆಳಕಿನ ಕಡೆ ಹೋಗುತ್ತದೆ.

ಮಣ್ಣುಹುಳು

ಮಾರಾಯರೇ, ಹಾಗಾದರೆ ಇದಕ್ಕೇನಂತೀರಿ? ಮಾನ್ಸ್ಟೆರಾ ಅಂತ ಬಳ್ಳಿ ಇದೆ, ತೂತೆಲೆಯದು, ಅಲಂಕಾರಕ್ಕೆ ಇಡುತ್ತಾರಲ್ಲ, ಅದರ ಕಾಡಿನ ಬಂಧು ಒಂದು. ಅದರ ಸಸಿ ನೆಲದ ಮೇಲೆ ಮೊಳೆತು ಬೆಳಕಿನ ಕಡೆ ಹೋಗುವುದೇ ಇಲ್ಲ, ಕತ್ತಲೆ ಕಡೆಗೆ ಹೋಗುತ್ತದೆ! 1975ರಲ್ಲಿ ಇಬ್ಬರು ಸಂಶೋಧಕರು ಬರೆದದ್ದು. ಕಾಡಿನಲ್ಲಿ ಹತ್ತಿರದ ಅತಿ ಕತ್ತಲೆಯ ಜಾಗ ಅಂದರೆ ದೊಡ್ಡ ಮರದ ಬೊಡ್ಡೆ. ಅದಕ್ಕೆ ತಾಗಿ ಹತ್ತಲು ಶುರುಮಾಡಿದ ಮೇಲೆ ಬೆಳಕಿನ ಕಡೆ ತಿರುಗುತ್ತದೆ.

ಬುದ್ಧಿ ಅನ್ನಿ, ಇನ್ನೊಂದು ಅನ್ನಿ, ನನಗೆ ಅಷ್ಟು ಮುಖ್ಯ ಅಲ್ಲ. ಎದ್ದು ಹೋಗಲು ಕಾಲಿಲ್ಲದವನು ಬೆಳೆದೇ ಹೋಗಬೇಕು.

ಎಲೆಮರೆಕಾಯಿ

ಚಿಗುರು ಅವರೇ, ಡಾರ್ವಿನ್ನರ ಟೋಪಿ ಪ್ರಯೋಗ ನೀವೇ ಮಾಡಬಹುದು. ಬೀನ್ಸಿನಲ್ಲಿ ಮಾಡಬೇಡಿ, ಅಂಥ ಎರಡು ಬೇಳೆಯ ಸಸಿಗಳಲ್ಲಿ ಕಾಂಡದ ಮೇಲ್ಭಾಗವೂ ಬೆಳಕನ್ನು ಹಿಡಿಯುತ್ತದೆ, ತುದಿ ಮುಚ್ಚಿದರೆ ಸಾಲದು. ಗೋಧಿ ಹಾಕಿ. ಕತ್ತಲೆಯಲ್ಲಿ ಎರಡು ಸೆಂಟಿಮೀಟರ್ ಬರುವವರೆಗೆ ಬಿಡಿ. ಹಸಿರು ಎಲೆ ಒರೆ ಸೀಳಿ ಹೊರಗೆ ಬಂದಮೇಲೆ ಪ್ರಯೋಜನ ಇಲ್ಲ.

ಚಿಗುರು_22

(ಹನ್ನೆರಡು ದಿನ ಆದಮೇಲೆ)

ಕ್ಷಮಿಸಿ, ತಡವಾಯಿತು. ಮೇಷ್ಟ್ರ ಮಾತು ಓದುವ ಮೊದಲೇ ನಾನು ಬೀನ್ಸಿಗೆ ಟೋಪಿ ಹಾಕಿಬಿಟ್ಟಿದ್ದೆ. ಟೋಪಿ ಹಾಕಿಕೊಂಡೇ ಕಿಟಕಿ ಕಡೆ ಬಾಗಿದವು, ಮೂರಕ್ಕೆ ಮೂರೂ. ಡಾರ್ವಿನ್ ಮೇಲೇ ಅನುಮಾನ ಬಂದಿತ್ತು.

ಆಮೇಲೆ ಗೋಧಿ. ಚಪ್ಪಲಿ ಡಬ್ಬಿಗೆ ಒಂದು ಬದಿ ಬೆರಳಗಲದ ಸೀಳು ಮಾಡಿದೆ. ಹನ್ನೆರಡು ಮೊಳಕೆ, ಆರಕ್ಕೆ ಟೋಪಿ, ಆರು ಬೋಳು. ಟೋಪಿ ಮಾಡುವುದೇ ದೊಡ್ಡ ತಲೆನೋವು. ಅಲ್ಯೂಮಿನಿಯಂ ಹಾಳೆಯ ಚೂರನ್ನು ದಬ್ಬಣದ ತುದಿಗೆ ಸುತ್ತಿ, ಒಂದು ಕೊನೆ ತಿರುಚಿ, ಉಸಿರು ಬಿಗಿಹಿಡಿದು ತೊಡಿಸಬೇಕು. ಭಾರವಾದರೆ ಮೊಳಕೆಯೇ ಮಲಗುತ್ತದೆ. ಎರಡು ಮುರಿದವು, ಬೇರೆ ಹಾಕಿದೆ. ಮಗಳನ್ನು ಕರೆದೆ, ಅವಳ ಬೆರಳು ಸಣ್ಣದು, ಅವಳೇ ಐದು ಟೋಪಿ ತೊಡಿಸಿದಳು. ಆಟಕ್ಕೆ ವಾಪಸ್ ಬಂದಿದ್ದಾಳೆ.

ಬೆಳಿಗ್ಗೆ ಎಂಟಕ್ಕೆ ಇಟ್ಟದ್ದು, ಮಧ್ಯಾಹ್ನ ಹನ್ನೆರಡಕ್ಕೆ ಮುಚ್ಚಳ ತೆಗೆದೆವು. ಬೋಳು ಆರೂ ಸೀಳಿನ ಕಡೆಗೆ ಬಾಗಿದ್ದವು, ಯಾರೋ ಕರೆದ ಹಾಗೆ. ಟೋಪಿಯವುಗಳಲ್ಲಿ ನಾಲ್ಕು ಕೋಲಿನ ಹಾಗೆ ನೆಟ್ಟಗೆ. ಒಂದು ಸ್ವಲ್ಪವೇ ಸ್ವಲ್ಪ ವಾಲಿತ್ತು, ಟೋಪಿಯ ಅಂಚಿನಲ್ಲಿ ಸಂದು ಇತ್ತೋ ಏನೋ. ಮಣ್ಣುಹುಳು ಹೇಳಿದ ಕಾಲು ಸುತ್ತಿನ ಉಪಾಯವೂ ಕೆಲಸ ಮಾಡುತ್ತಿದೆ, ಎರಡನೇ ಬೀನ್ಸ್ ಕುಂಡ ನೆಟ್ಟಗೆ ಬರುತ್ತಿದೆ. ಬೀರುವಿನ ಬಿಳಿ ಸಸಿ ಹಸಿರಾಗಿದೆ, ಆದರೆ ನಿಲ್ಲಲಾರದೆ ಕುಂಡದ ಅಂಚಿಗೆ ಒರಗಿದೆ.

ಆರನೇ ಟೋಪಿ ಎಲ್ಲಿ ಹೋಯಿತು ಅಂತ ಹುಡುಕಿದರೆ ಡಬ್ಬಿಯ ಮೂಲೆಯಲ್ಲಿ ಬಿದ್ದಿತ್ತು. ಅದನ್ನು ಕಳೆದುಕೊಂಡ ಮೊಳಕೆ ಬೋಳು ಆರರ ಜೊತೆ ಸೇರಿಕೊಂಡು ಅವಷ್ಟೇ ಬಾಗಿತ್ತು. ಮಗಳು ಅದನ್ನು "ಏಳನೆಯದು" ಅಂತ ಬರೆದುಕೊಂಡಿದ್ದಾಳೆ.